ವಿಷಹಾರಿ ಕಿಣ್ವಗಳ ಸಾಕ್ಷ್ಯ: ಕ್ಯಾನ್ಸರ್ ಮುನ್ಸೂಚನೆಯ ಒಂದು ಮೀಮಾಂಸೆ

ವಿಷಯ

ಉಸಿರಾಡುವ ಹೊಗೆ, ಬೂಷ್ಟು ಹಿಡಿದ ಕಾಳಿನ ವಿಷ, ಕುಡಿಯುವ ಮದ್ಯ, ನುಂಗುವ ಮಾತ್ರೆ ಇವೆಲ್ಲ ದೇಹಕ್ಕೆ ಹೊರಗಿನವು. ಇವುಗಳಲ್ಲಿ ಹಲವು ಕೊಬ್ಬಿನಲ್ಲಿ ಕರಗುತ್ತವೆಯೇ ಹೊರತು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಮೂತ್ರದ ದಾರಿಯಲ್ಲಿ ತಾವಾಗಿ ಹೊರಬೀಳಲಾರವು. ಅವನ್ನು ನೀರಿಗೆ ಒಗ್ಗಿಸಿ ಸಾಗಹಾಕಲು ಮುಖ್ಯವಾಗಿ ಲಿವರಿನಲ್ಲಿ, ಜೊತೆಗೆ ಕರುಳು, ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಕಿಣ್ವಗಳ ದೊಡ್ಡ ಬಳಗವೇ ಇದೆ. ಬ್ರಿಟನ್ನಿನ ಆರ್. ಟಿ. ವಿಲಿಯಮ್ಸ್ 1959ರಲ್ಲಿ ಈ ಕೆಲಸವನ್ನು ಎರಡು ಹಂತಗಳಾಗಿ ವಿಂಗಡಿಸಿದರು. ಇಂದಿಗೂ ಅದೇ ವಿಂಗಡಣೆ ಬಳಕೆಯಲ್ಲಿದೆ. ಮೊದಲ ಹಂತದಲ್ಲಿ ಸೈಟೋಕ್ರೋಮ್ ಪಿ450 ಕಿಣ್ವಗಳು ಹೊರಗಿನ ವಸ್ತುವಿಗೆ ಆಮ್ಲಜನಕ ಸೇರಿಸಿ ಒಂದು ಹಿಡಿಕೆ ಒದಗಿಸುತ್ತವೆ. ಎರಡನೆಯ ಹಂತದ ಕಿಣ್ವಗಳು ಆ ಹಿಡಿಕೆಗೆ ಗ್ಲುಟಾಥಯೋನ್, ಗ್ಲುಕುರೊನಿಕ್ ಆಮ್ಲ, ಅಸಿಟೈಲ್ ಗುಂಪು ಮುಂತಾದುವನ್ನು ಜೋಡಿಸಿ ಹೊರಗೆ ಕಳುಹಿಸುತ್ತವೆ.

ತೊಡಕು ಇರುವುದು ಮೊದಲ ಹಂತದಲ್ಲೇ. ಡಾಂಬರಿನಲ್ಲೂ ತಂಬಾಕಿನ ಹೊಗೆಯಲ್ಲೂ ಇರುವ ಬೆಂಜೊಪೈರೀನ್ ತಾನಾಗಿ ಡಿಎನ್‌ಎಗೆ ಅಂಟುವ ವಸ್ತುವಲ್ಲ. ಪಿ450 ಅದಕ್ಕೆ ಆಮ್ಲಜನಕ ಸೇರಿಸುತ್ತದೆ, ಇನ್ನೊಂದು ಕಿಣ್ವ ನೀರು ಸೇರಿಸುತ್ತದೆ, ಪಿ450 ಮತ್ತೊಮ್ಮೆ ಆಮ್ಲಜನಕ ಸೇರಿಸುತ್ತದೆ. ಹೀಗೆ ಮೂರು ಕೈ ದಾಟಿ ಬಂದ ವಸ್ತುವೇ ಡಿಎನ್‌ಎಯ ಗ್ವಾನೀನ್‌ಗೆ ಹೋಗಿ ಅಂಟಿಕೊಳ್ಳುತ್ತದೆ. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಕೊನೆಯ ವಸ್ತುವನ್ನು ಮನುಷ್ಯನ ಜೀವಕೋಶಗಳಿಗೆ ತಾಗಿಸಿ ನೋಡಿದರು. ಕ್ಯಾನ್ಸರ್ ತಡೆಯುವ ಪಿ53 ಜೀನಿನಲ್ಲಿ ಅದು ಬಲವಾಗಿ ಅಂಟಿದ್ದು 157, 248, 273ನೆಯ ಕೋಡಾನ್‌ಗಳಲ್ಲಿ. ಶ್ವಾಸಕೋಶದ ಗಡ್ಡೆಗಳಲ್ಲಿ ಆ ಜೀನು ಹೆಚ್ಚಾಗಿ ಕೆಟ್ಟಿರುವುದೂ ಅಲ್ಲಿಯೇ. ಅಂದರೆ ವಿಷವನ್ನು ಮೊನಚು ಮಾಡುವುದೂ ಮೊಂಡು ಮಾಡುವುದೂ ಒಂದೇ ಬಳಗ. ಈ ಬಳಗದ ಕಸುವು ಎಲ್ಲರಲ್ಲೂ ಒಂದೇ ಸಮ ಇಲ್ಲ; ಕೆಲವರಿಗೆ ಕೆಲವು ಕಿಣ್ವಗಳ ಜೀನೇ ಹುಟ್ಟಿನಿಂದ ಇರುವುದಿಲ್ಲ.

ಸಂಶಯ

ಹಾಗಿದ್ದರೆ ಈ ಕಿಣ್ವಗಳ ಬಲಾಬಲ ಅಳೆದು, ಗಡ್ಡೆ ತಲೆ ಎತ್ತುವ ಮೊದಲೇ, ಇಂಥವರಿಗೆ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಎಂದು ಹೇಳಬಹುದೇ, ಹೇಳಲಾಗದೇ?

ಪೂರ್ವಪಕ್ಷ

ಹೇಳಬಹುದು ಎನ್ನುವವರ ವಾದ ಬಲವಾದದ್ದೇ. ಗಡ್ಡೆಯ ಸ್ಕ್ಯಾನು, ಬಯಾಪ್ಸಿ, ರಕ್ತದಲ್ಲಿ ಗಡ್ಡೆ ಸುರಿಸುವ ಪ್ರೋಟೀನು ಇವೆಲ್ಲ ರೋಗ ಶುರುವಾದ ಮೇಲಿನ ಗುರುತುಗಳು. ಕಿಣ್ವದ ಜೀನು ಹುಟ್ಟಿದ ದಿನವೇ ಇರುತ್ತದೆ. ಅದಕ್ಕಿಂತ ಮುಂಚಿನ ಸೂಚಕ ಯಾವುದು? ಒಂದು ಹನಿ ರಕ್ತ ಸಾಕು. ದೃಷ್ಟಾಂತಗಳಿಗೂ ಕೊರತೆಯಿಲ್ಲ.

ಅವುಗಳಲ್ಲಿ ಮುಖ್ಯವಾದುದು ಎನ್‌ಎಟಿ2 ಎಂಬ ಕಿಣ್ವದ್ದು. ಕ್ಷಯರೋಗಿಗಳಿಗೆ ಐಸೋನಿಯಾಜಿಡ್ ಮಾತ್ರೆ ಕೊಡತೊಡಗಿದ 1950ರ ದಶಕದಲ್ಲಿ ವೈದ್ಯರು ಒಂದು ಸಂಗತಿ ಗಮನಿಸಿದರು. ಕೆಲವರ ದೇಹ ಔಷಧಿಯನ್ನು ಬೇಗ ಕಳೆದುಹಾಕುತ್ತದೆ, ಕೆಲವರಲ್ಲಿ ಅದು ಬಹಳ ಹೊತ್ತು ನಿಂತು ಕೈಕಾಲು ಜೋಮು ಹಿಡಿಸುತ್ತದೆ. ಔಷಧಿಗೆ ಅಸಿಟೈಲ್ ಜೋಡಿಸುವ ಈ ಕಿಣ್ವದ ವೇಗವೇ ಆ ಭೇದಕ್ಕೆ ಕಾರಣ. ನಿಮ್ಮದು ಯಾವ ವೇಗ ಎಂದು ತಿಳಿಯಲು ಒಂದು ಲೋಟ ಕಾಫಿ ಸಾಕು. ಕುಡಿದ ಕೆಲವು ಗಂಟೆಗಳ ಮೇಲೆ ಮೂತ್ರದಲ್ಲಿ ಕೆಫೀನಿನ ಯಾವ ತುಂಡುಗಳು ಎಷ್ಟೆಷ್ಟು ಇವೆ ಎಂದು ಅಳೆದು, ಅವುಗಳ ಅನುಪಾತದಿಂದ ಹೇಳುತ್ತಾರೆ. ನಮ್ಮ ದೇಶದಲ್ಲಿ ಅರ್ಧಕ್ಕೂ ಹೆಚ್ಚು ಜನ ನಿಧಾನಿಗಳ ಸಾಲಿಗೇ ಸೇರುತ್ತಾರೆ. ಬಣ್ಣದ ಕಾರ್ಖಾನೆಗಳ ಆರೊಮ್ಯಾಟಿಕ್ ಅಮೈನುಗಳನ್ನು ಸಾಗಹಾಕುವುದೂ ಇದೇ ಕಿಣ್ವ. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಅಲ್ಲಿನ ಬಣ್ಣದ ಕಾರ್ಮಿಕರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಗುರುತಿಸಿದ್ದರು. 1982ರಲ್ಲಿ ಇಂಗ್ಲೆಂಡಿನಲ್ಲಿ, ಬಣ್ಣದ ಕಾರ್ಖಾನೆಯಲ್ಲಿ ದುಡಿದು ಮೂತ್ರಕೋಶದ ಕ್ಯಾನ್ಸರಿಗೆ ತುತ್ತಾದ 23 ಮಂದಿಯ ಕಿಣ್ವದ ವೇಗ ಅಳೆದಾಗ 22 ಮಂದಿ ನಿಧಾನಿಗಳೆಂದು ತಿಳಿದುಬಂತು.

ಇನ್ನೊಂದು ದೃಷ್ಟಾಂತ ಗ್ಲುಟಾಥಯೋನ್ ಜೋಡಿಸುವ ಜಿಎಸ್‌ಟಿ-ಎಂ1 ಕಿಣ್ವದ್ದು. ಯುರೋಪಿನ ಮೂಲದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಜೀನು ಪೂರ್ತಿ ಇಲ್ಲ. 2005ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನದಲ್ಲಿ ಮೂತ್ರಕೋಶದ ಕ್ಯಾನ್ಸರಿನ 1,150 ರೋಗಿಗಳನ್ನು ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಇತರರೊಡನೆ ಹೋಲಿಸಿದರು. ಎಂ1 ಇಲ್ಲದವರಿಗೆ ಅಪಾಯ ಸುಮಾರು 1.7 ಪಟ್ಟು, ಎನ್‌ಎಟಿ2 ನಿಧಾನಿಗಳಿಗೆ 1.4 ಪಟ್ಟು. ಇಷ್ಟು ಸಾಕ್ಷ್ಯ ಇರುವಾಗ ಎಲ್ಲರಿಗೂ ಈ ಪರೀಕ್ಷೆ ಯಾಕೆ ಮಾಡಬಾರದು ಎಂಬುದು ಪೂರ್ವಪಕ್ಷದ ನಿಲುವು.

ಎರಡನೆಯ ಪೂರ್ವಪಕ್ಷ

ಇದಕ್ಕೆ ನೇರ ಎದುರಾಗಿ ನಿಲ್ಲುವವರೂ ಇದ್ದಾರೆ. ಅವರ ಪ್ರಕಾರ ಈ ಶಾಸ್ತ್ರವೇ ಪೊಳ್ಳು. 1973ರಲ್ಲಿ ಅಮೆರಿಕದಲ್ಲಿ ಕೆಲ್ಲರ್‌ಮನ್ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಬಿಳಿ ರಕ್ತಕಣಗಳಲ್ಲಿ ಬೆಂಜೊಪೈರೀನನ್ನು ಬದಲಿಸುವ ಕಿಣ್ವ ಬೇಗ ಕೆರಳುತ್ತದೆ ಎಂದು ವೈದ್ಯಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ದೊಡ್ಡ ಸದ್ದಾಯಿತು. ಬೇರೆ ಪ್ರಯೋಗಾಲಯಗಳು ಮಾಡಿ ನೋಡಿದಾಗ ಫಲಿತಾಂಶ ಒಂದೇ ಸಮ ಬರಲಿಲ್ಲ. 1977ರಲ್ಲಿ ಅದೇ ವೈದ್ಯಪತ್ರಿಕೆಯಲ್ಲಿ ಆ ಸಂಬಂಧವನ್ನೇ ಪ್ರಶ್ನಿಸುವ ಲೇಖನ ಬಂತು. ಕಾಯಿಲೆ ಬಿದ್ದವನ ಕಿಣ್ವ ಅಳೆದರೆ ಸಿಗುವುದು ಕಾರಣವೋ ಕಾಯಿಲೆಯ ಪರಿಣಾಮವೋ ಎಂದು ತಿಳಿಯುವ ಬಗೆ ಯಾವುದು? ಇನ್ನು 1.5 ಪಟ್ಟು ಎಂಬ ಅಂಕಿಯಿಂದ ಒಬ್ಬ ಮನುಷ್ಯನಿಗೆ ಏನು ಹೇಳಿದಂತಾಯಿತು?

ಈ ಕೊನೆಯ ಮಾತನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಊರಿನಲ್ಲಿ ಸಾವಿರಕ್ಕೆ 10 ಮಂದಿಗೆ ಯಾವುದೋ ಒಂದು ಕ್ಯಾನ್ಸರ್ ಬರುತ್ತದೆ, ಅರ್ಧ ಜನಕ್ಕೆ ಒಂದು ಕಿಣ್ವ ಇಲ್ಲ, ಇಲ್ಲದವರಿಗೆ ಅಪಾಯ ಒಂದೂವರೆ ಪಟ್ಟು ಎಂದು ಇಟ್ಟುಕೊಳ್ಳೋಣ. ಆಗ ಕಿಣ್ವ ಇರುವ ಸಾವಿರ ಜನರಲ್ಲಿ 8 ಮಂದಿಗೆ, ಇಲ್ಲದ ಸಾವಿರ ಜನರಲ್ಲಿ 12 ಮಂದಿಗೆ ರೋಗ ಬರುತ್ತದೆ. ಕಿಣ್ವ ಇಲ್ಲ ಎಂದು ಚೀಟಿ ಪಡೆದು ನಿದ್ದೆಗೆಟ್ಟವರಲ್ಲಿ 988 ಮಂದಿಗೆ ಆ ಕ್ಯಾನ್ಸರ್ ಬರುವುದೇ ಇಲ್ಲ. ಇದೆ ಎಂದು ನೆಮ್ಮದಿಯಿಂದ ಬೀಡಿ ಮುಂದುವರಿಸಿದವರಲ್ಲಿ 8 ಮಂದಿಗೆ ಬಂದೇ ಬರುತ್ತದೆ. ಈ ಆಕ್ಷೇಪವನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಒಪ್ಪಿಕೊಂಡೇ ಮುಂದೆ ಹೋಗಬೇಕು.

ವಿಚಾರ

ಎರಡೂ ಪಕ್ಷದವರು ಒಂದು ಕಡೆ ಸಮನಾಗಿ ಎಡವುತ್ತಾರೆ. ಕಿಣ್ವಕ್ಕೂ ಕ್ಯಾನ್ಸರಿಗೂ ನೇರ ವ್ಯಾಪ್ತಿ, ಅಂದರೆ ತಪ್ಪದ ಸಂಬಂಧ, ಇದೆ ಎಂದು ಒಬ್ಬರು, ಅದು ಮುರಿದುಬಿತ್ತು ಎಂದು ಇನ್ನೊಬ್ಬರು. ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ಹಳೆಯ ಉದಾಹರಣೆಯೊಂದಿದೆ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನಲಾಗದು, ಸೌದೆ ಹಸಿಯಾಗಿರಬೇಕು. ಆ ಹಸಿ ಸೌದೆಯೇ ಉಪಾಧಿ. ಕಿಣ್ವದ ವಿಷಯದಲ್ಲಿ ಉಪಾಧಿ ಎಂದರೆ ಹೊರಗಿನ ವಿಷ: ಯಾವ ವಿಷ, ಎಷ್ಟು, ಎಷ್ಟು ಕಾಲ. ಇದನ್ನು ಬಿಟ್ಟು ಕಿಣ್ವವನ್ನು ಮಾತ್ರ ಹೇತುವಾಗಿ ಹಿಡಿದರೆ ವ್ಯಭಿಚಾರ, ಅಂದರೆ ನಿಯಮ ತಪ್ಪುವ ದೋಷ, ಬರುವುದು ಖಂಡಿತ.

ಬಣ್ಣದ ಕಾರ್ಖಾನೆಗೇ ಮರಳಿ ನೋಡೋಣ. ಇಂಗ್ಲೆಂಡಿನ ನಿಧಾನಿಗಳಿಗೆ ಅಪಾಯ ಹೆಚ್ಚಿತ್ತು. ಚೀನಾದಲ್ಲಿ ಬೆಂಜಿಡೀನ್ ಎಂಬ ಅಮೈನಿನ ಜೊತೆ ದುಡಿದವರನ್ನು 1990ರ ದಶಕದಲ್ಲಿ ಪರೀಕ್ಷಿಸಿದಾಗ ನಿಧಾನಿಗಳಿಗೆ ಅಂಥ ಹೆಚ್ಚಿನ ಅಪಾಯ ಕಾಣಲಿಲ್ಲ. ಬೆಂಜಿಡೀನ್ ಅಣುವಿಗೆ ಎರಡು ಅಮೈನು ತುದಿಗಳಿವೆ. ಒಂದು ತುದಿಗೆ ಅಸಿಟೈಲ್ ಸೇರುವುದೇ ಇನ್ನೊಂದು ತುದಿ ಮೊನಚಾಗುವುದಕ್ಕೆ ದಾರಿ. ಕಿಣ್ವ ಅದೇ, ಅಂಗ ಅದೇ, ವಿಷ ಬದಲಾದರೆ ಫಲ ಬದಲಾಗುತ್ತದೆ. ಇನ್ನು ವಿಷದ ಪ್ರಮಾಣ. ಇನ್ನೊಂದು ಅಮೈನಾದ 2-ನ್ಯಾಫ್ತೈಲಮೈನನ್ನು ಭಟ್ಟಿ ಇಳಿಸುತ್ತಿದ್ದ ಕೆಲಸಗಾರರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಮೂತ್ರಕೋಶದ ಕ್ಯಾನ್ಸರ್ ಬಂದ ಗುಂಪುಗಳಿವೆ. ಅಷ್ಟು ವಿಷದ ಮುಂದೆ ಚುರುಕಿನವನೂ ನಿಧಾನಿಯೂ ಒಂದೇ.

ಮದ್ಯದ ವಿಚಾರದಲ್ಲಿ ಈ ಉಪಾಧಿ ಕಣ್ಣಿಗೇ ಕಾಣುತ್ತದೆ. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಆಗುತ್ತದೆ. ಅದನ್ನು ಕಳೆಯುವುದು ಎಎಲ್‌ಡಿಎಚ್2 ಎಂಬ ಕಿಣ್ವ. ನಾಲ್ಕು ತುಣುಕುಗಳು ಕೂಡಿದರೆ ಒಂದು ಕಿಣ್ವ. ಅದರಲ್ಲಿ ಕೆಟ್ಟ ತುಣುಕು ಸೇರಿಕೊಂಡರೆ ಇಡೀ ಕಿಣ್ವದ ಕೆಲಸ ಕುಂಠಿತವಾಗುತ್ತದೆ. ಜಪಾನ್, ಚೀನಾ, ಕೊರಿಯಾಗಳಲ್ಲಿ ಈ ಕೆಟ್ಟ ನಮೂನೆ ಬಹಳ ಜನರಲ್ಲಿದೆ, ನಮ್ಮಲ್ಲಿ ಅಪರೂಪ. ಅದಿರುವವರು ಒಂದು ಲೋಟ ಬಿಯರ್ ಕುಡಿದರೆ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಜಪಾನಿನ ವೈದ್ಯರು ಇದನ್ನು ಎರಡು ಪ್ರಶ್ನೆಗಳ ಪರೀಕ್ಷೆಯಾಗಿಯೇ ಮಾಡಿಕೊಂಡಿದ್ದಾರೆ: ಒಂದು ಲೋಟ ಬಿಯರಿಗೆ ಈಗ ಮುಖ ಕೆಂಪಾಗುತ್ತದೆಯೇ, ಕುಡಿಯಲು ಶುರು ಮಾಡಿದ ಮೊದಲ ಒಂದೆರಡು ವರ್ಷಗಳಲ್ಲಿ ಆಗುತ್ತಿತ್ತೇ? ಕುಡಿಯುತ್ತ ಕುಡಿಯುತ್ತ ಕೆಂಪು ಮಾಯವಾಗಬಹುದು, ಆದರೆ ಕಿಣ್ವ ಸುಧಾರಿಸಿರುವುದಿಲ್ಲ. ಅದಕ್ಕಾಗಿ ಆ ಎರಡನೆಯ ಪ್ರಶ್ನೆ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವವರು ಅಭ್ಯಾಸ ಮಾಡಿಕೊಂಡು ವಿಪರೀತ ಕುಡಿದರೆ ಅನ್ನನಾಳದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಎರಡೂ ಪ್ರತಿ ಕೆಟ್ಟಿರುವವರಿಗೆ ಕುಡಿಯುವುದೇ ಹಿಂಸೆ, ಅವರು ಕುಡಿಯುವುದಿಲ್ಲ, ಅವರ ಅಪಾಯ ಕಡಿಮೆ. ಕಿಣ್ವ ಹೆಚ್ಚು ಕೆಟ್ಟವನಿಗೆ ಅಪಾಯ ಕಡಿಮೆ, ಅರ್ಧ ಕೆಟ್ಟವನಿಗೆ ಹೆಚ್ಚು! ವಿಷದ ಲೆಕ್ಕ ಹಿಡಿಯದೆ ಕಿಣ್ವದ ಲೆಕ್ಕ ಮಾತ್ರ ಹಿಡಿದವನಿಗೆ ಇದು ಒಗಟಾಗಿಯೇ ಉಳಿಯುತ್ತದೆ.

ಸಿದ್ಧಾಂತ

ಆದ್ದರಿಂದ ನಾನು ಒಪ್ಪುವ ನಿರ್ಣಯ ಇದು. ಹುಟ್ಟಿನಿಂದ ಬಂದ ಕಿಣ್ವಭೇದ ಒಬ್ಬ ವ್ಯಕ್ತಿಯ ಭವಿಷ್ಯಕ್ಕೆ ದುರ್ಬಲ ಸೂಚಕ; ಒಂದು ವಿಷದ ಅಪರಾಧಕ್ಕೆ ಬಲವಾದ ಸಾಕ್ಷಿ. ಯಾರಿಗೆ ಕೆಟ್ಟ ಕಿಣ್ವ ಬರಬೇಕು ಎಂಬುದು ತಂದೆತಾಯಿಯ ಜೀನುಗಳ ಹಂಚಿಕೆಯಿಂದ ತೀರ್ಮಾನವಾಗುತ್ತದೆ, ಆ ವ್ಯಕ್ತಿಯ ಅಭ್ಯಾಸದಿಂದಲ್ಲ. ಹಾಗಾಗಿ ಅಸಿಟಾಲ್ಡಿಹೈಡ್ ಕಳೆಯಲಾಗದ ಕುಡುಕರಿಗೇ ಅನ್ನನಾಳದ ಕ್ಯಾನ್ಸರ್ ಹೆಚ್ಚು ಬಂದರೆ, ಮದ್ಯದೊಳಗಿನ ಕೊಲೆಗಾರ ಅಸಿಟಾಲ್ಡಿಹೈಡ್ ಎಂದು ಹೇಳಲು ಗಟ್ಟಿ ಆಧಾರ ಸಿಕ್ಕಿತು. ಲಿಯೋನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಮದ್ಯಪಾನದಿಂದ ಉಂಟಾಗುವ ಅಸಿಟಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು ಇಂಥ ಸಾಕ್ಷ್ಯಗಳ ಬಲದಿಂದ.

ಆಕ್ಷೇಪ: ಹುಟ್ಟಿನ ಜೀನು ಬೇಡ, ಕಿಣ್ವ ಮಾಡಿದ ಕೆಲಸವನ್ನೇ ಅಳೆದರೆ? ಸರಿ, ಅದು ಇದಕ್ಕಿಂತ ಮೇಲು. ಷಾಂಘೈಯಲ್ಲಿ ಹದಿನೆಂಟು ಸಾವಿರ ಗಂಡಸರ ಮೂತ್ರ ಸಂಗ್ರಹಿಸಿಟ್ಟು, ಮುಂದೆ ಲಿವರ್ ಕ್ಯಾನ್ಸರ್ ಬಂದವರ ಹಳೆಯ ಮಾದರಿಗಳಲ್ಲಿ ಅಫ್ಲಾಟಾಕ್ಸಿನ್‌ನ ಕುರುಹು ಹುಡುಕಿದರು. ಅಫ್ಲಾಟಾಕ್ಸಿನ್ ಎಂದರೆ ಮೆಕ್ಕೆಜೋಳ, ಕಡಲೆಕಾಯಿಗಳ ಮೇಲೆ ಬೆಳೆಯುವ ಬೂಷ್ಟಿನ ವಿಷ. ಪಿ450 ಅದನ್ನು ಮೊನಚು ಮಾಡುತ್ತದೆ, ಗ್ಲುಟಾಥಯೋನ್ ಕಿಣ್ವಗಳು ಹಿಡಿಯಲು ಯತ್ನಿಸುತ್ತವೆ, ತಪ್ಪಿಸಿಕೊಂಡದ್ದು ಡಿಎನ್‌ಎಗೆ ಅಂಟಿ, ಕಳಚಿ, ಮೂತ್ರದಲ್ಲಿ ಬರುತ್ತದೆ. 1994ರ ವರದಿಯ ಪ್ರಕಾರ ಈ ಕುರುಹು ಮಾತ್ರ ಇದ್ದವರಿಗೆ ಅಪಾಯ ಸುಮಾರು 3.4 ಪಟ್ಟು, ಹೆಪಟೈಟಿಸ್ ಬಿ ಮಾತ್ರ ಇದ್ದವರಿಗೆ 7.3 ಪಟ್ಟು, ಎರಡೂ ಇದ್ದವರಿಗೆ 59 ಪಟ್ಟು. ರೋಗ ಬರುವ ಮೊದಲೇ ತೆಗೆದಿಟ್ಟ ಮಾದರಿ ಆದ್ದರಿಂದ, ಕಾರಣವೋ ಪರಿಣಾಮವೋ ಎಂಬ ಶಂಕೆಗೆ ಇಲ್ಲಿ ಅಷ್ಟು ಎಡೆಯಿಲ್ಲ. ಕೆಲ್ಲರ್‌ಮನ್ ಪ್ರಯೋಗಕ್ಕೆ ತಗಲಿದ ದೋಷ ಇದಕ್ಕೆ ತಗಲುವುದಿಲ್ಲ.

ಯಾಂಗ್‌ತ್ಸೆ ನದೀಮುಖದ ಚೀಡಾಂಗ್ ಎಂಬಲ್ಲಿ ಈ ಸಾಕ್ಷ್ಯ ಎಲ್ಲಿಗೆ ಮುಟ್ಟಿತು ಎಂದು ನೋಡಬೇಕು. ಲಿವರ್ ಕ್ಯಾನ್ಸರಿಗೆ ಹೆಸರಾದ ಜಾಗ ಅದು. ಅಲ್ಲಿ ಕಿಣ್ವಗಳನ್ನು ಕೆರಳಿಸುವ ಓಲ್ಟಿಪ್ರಾಜ್ ಮಾತ್ರೆ ಕೊಟ್ಟು ನೋಡಿದರು, ಬ್ರಾಕೊಲಿ ಮೊಳಕೆಯ ಕಷಾಯ ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಮೊಳಕೆಯ ಪಾನೀಯ ಕುಡಿದವರ ಮೂತ್ರದಲ್ಲಿ ಗ್ಲುಟಾಥಯೋನ್ ಹಿಡಿದು ಹೊರಹಾಕಿದ, ಮಲಿನ ಗಾಳಿಯ ಬೆಂಜೀನ್ 61% ಹೆಚ್ಚಾಯಿತು. ಚೆಂದದ ಪ್ರಯೋಗಗಳು, ನಿಜ. ಆದರೆ ಚೀಡಾಂಗ್‌ನಲ್ಲಿ ಲಿವರ್ ಕ್ಯಾನ್ಸರಿನ ಸಾವು ಅರ್ಧಕ್ಕಿಂತ ಹೆಚ್ಚು ಇಳಿದದ್ದು ಜನ 1980ರ ದಶಕದಿಂದ ಮೆಕ್ಕೆಜೋಳ ಬಿಟ್ಟು ಅಕ್ಕಿ ಉಣ್ಣತೊಡಗಿದ ಮೇಲೆ. ರಕ್ತದಲ್ಲಿ ಅಫ್ಲಾಟಾಕ್ಸಿನ್ ಕುರುಹು ಹೆಚ್ಚುಕಡಿಮೆ ಕಾಣೆಯಾಯಿತು. ಹೆಪಟೈಟಿಸ್ ಬಿ ಲಸಿಕೆ ಪಡೆದ ಮಕ್ಕಳು ಇನ್ನೂ ಈ ಕ್ಯಾನ್ಸರ್ ಬರುವ ವಯಸ್ಸಿಗೆ ಬಂದಿರಲಿಲ್ಲ. ಕುರುಹು ವಿಷವನ್ನು ತೋರಿಸಿತು, ಊಟದ ತಟ್ಟೆ ಅದನ್ನು ನೀಗಿಸಿತು. ಚಳ್ಳಕೆರೆ, ಪಾವಗಡದ ಕಡಲೆಕಾಯಿ ಸೀಮೆಯವರಿಗೆ ಈ ವೃತ್ತಾಂತ ದೂರದ್ದಲ್ಲ. ಕಾಯಿಯನ್ನು ಚೆನ್ನಾಗಿ ಒಣಗಿಸಿ, ಬೂಷ್ಟು ಹಿಡಿದದ್ದನ್ನು ಆರಿಸಿ ಬಿಸಾಡುವುದು ನೂರು ಜೀನು ಪರೀಕ್ಷೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮತ್ತೊಂದು ಆಕ್ಷೇಪ: ಅಂಗಾಂಶದಲ್ಲಿಯೇ ಕಿಣ್ವ ಬದಲಾಗುವುದಿದೆಯಲ್ಲ, ಅದು ನಿಜವಾದ ಮುನ್ಸೂಚಕವಲ್ಲವೇ? ಹೌದು, ಮತ್ತು ಇದನ್ನು ಹುಟ್ಟಿನ ಭೇದದೊಡನೆ ಕಲಸಬಾರದು. 1976ರಲ್ಲಿ ಟೊರಾಂಟೊದಲ್ಲಿ ಸೋಲ್ಟ್ ಮತ್ತು ಫಾರ್ಬರ್ ಇಲಿಯ ಲಿವರಿನಲ್ಲಿ ಕ್ಯಾನ್ಸರಿನ ಮೊದಲ ಹೆಜ್ಜೆಗಳನ್ನು ಹಿಡಿಯುವ ವಿಧಾನ ರೂಪಿಸಿದರು. ಹಾಗೆ ಹುಟ್ಟುವ ಗಂಟುಗಳಲ್ಲಿ ಮೊದಲ ಹಂತದ ಕಿಣ್ವಗಳು ತಗ್ಗಿ, ಎರಡನೆಯ ಹಂತದವು ಏರಿರುತ್ತವೆ. 1980ರ ದಶಕದಲ್ಲಿ ಜಪಾನಿನ ಹಿರೊಸಾಕಿಯಲ್ಲಿ ಕಿಯೋಮಿ ಸಾಟೊ ಬಳಗ ಅವುಗಳಲ್ಲಿ ಜಿಎಸ್‌ಟಿ-ಪಿ ಎಂಬ ಬಗೆಯನ್ನು ಗುರುತಿಸಿತು. ಆರೋಗ್ಯವಂತ ಇಲಿಯ ಲಿವರ್ ಕೋಶಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ವಿಷ ಕೊಟ್ಟ ಕೆಲವೇ ವಾರಗಳಲ್ಲಿ ಲಿವರಿನ ತೆಳು ಹೋಳನ್ನು ಪ್ರತಿಕಾಯದಿಂದ ಬಣ್ಣಗೊಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪೇಲವವಾದ ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಒಂಟಿ ಕೋಶ ಕಡುಕಂದಾಗಿ ನಿಂತಿರುತ್ತದೆ. ಮುಂದೆ ಅಂಥವುಗಳಲ್ಲಿ ಕೆಲವು ಹತ್ತಿಪ್ಪತ್ತು ಕೋಶಗಳ ಗುಂಪಾಗುತ್ತವೆ, ಕೆಲವು ಗಂಟಾಗುತ್ತವೆ. ಇದಕ್ಕಿಂತ ಮುಂಚಿನ ಗುರುತನ್ನು ಬಯಸುವುದಾದರೂ ಹೇಗೆ?

ಹಾಗಾದರೆ ಮನುಷ್ಯನ ಲಿವರಿಗೂ ಇದೇ ಪರೀಕ್ಷೆ ಸಾಕಲ್ಲ ಎಂದರೆ, ಆಗದು. ಮನುಷ್ಯನ ಲಿವರ್ ಗಡ್ಡೆಗಳು ಈ ವಿಷಯದಲ್ಲಿ ಇಲಿಯನ್ನು ಅನುಸರಿಸಲಿಲ್ಲ. ಪ್ರಾಸ್ಟೇಟ್ ಗ್ರಂಥಿಯಲ್ಲಂತೂ ನಡೆಯುವುದು ಪೂರ್ತಿ ತಿರುವುಮುರುವು. 1994ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು ಅದೇ ಕುಲದ ಜಿಎಸ್‌ಟಿ-ಪಿ1 ಜೀನಿನ ಬಾಗಿಲಿಗೆ ಮೀಥೈಲ್ ಗುಂಪುಗಳು ಕೂತು ಅದನ್ನು ಮುಚ್ಚಿಬಿಟ್ಟಿರುವುದನ್ನು ಕಂಡರು. ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನದರಲ್ಲಿ ಇದು ಸಿಗುತ್ತದೆ. ಕ್ಯಾನ್ಸರಿಗೆ ಹಿಂದಿನ ಹಂತದ ಅಂಗಾಂಶದಲ್ಲೂ ಹಲವು ಸಲ ಸಿಗುತ್ತದೆ. ಸೂಜಿಯಿಂದ ತೆಗೆದ ಎಳೆಗಳಲ್ಲಿ ಗಡ್ಡೆ ಕಾಣದಿದ್ದಾಗ, ಮತ್ತೊಮ್ಮೆ ಬಯಾಪ್ಸಿ ಬೇಕೇ ಎಂದು ತೀರ್ಮಾನಿಸಲು ಈ ಗುರುತನ್ನು ನೋಡುವ ಪರೀಕ್ಷೆ ಬಳಕೆಯಲ್ಲಿದೆ. ಇಡೀ ಬಳಗದಲ್ಲಿ ವೈದ್ಯರ ಮೇಜಿನವರೆಗೆ ಬಂದು ನಿಂತ ಸೂಚಕಗಳಲ್ಲಿ ನಾನು ಹೆಚ್ಚು ಗೌರವಿಸುವುದು ಇದನ್ನೇ. ಅದು ಕೇಳುವ ಪ್ರಶ್ನೆ ಚಿಕ್ಕದು, ಉತ್ತರ ಸ್ಪಷ್ಟ.

ನಮ್ಮ ಲ್ಯಾಬುಗಳ ಲಿವರ್ ಫಂಕ್ಷನ್ ವರದಿಯಲ್ಲಿ ಅಚ್ಚಾಗುವ ಗಾಮಾ ಜಿಟಿ ಎಂಬ ಸಾಲಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅದು ಗ್ಲುಟಾಥಯೋನ್ ಜೋಡಿಸಿದ ವಸ್ತುಗಳನ್ನು ಮುಂದೆ ಕತ್ತರಿಸುವ ಕಿಣ್ವ. ಇಲಿಯ ಗಂಟುಗಳಲ್ಲಿ ಅದೂ ಏರುತ್ತದೆ. ಅಂತರ್ಜಾಲದಲ್ಲಿ ಇಷ್ಟು ಓದಿ ಎದೆ ಒಡೆದುಕೊಳ್ಳುವವರಿದ್ದಾರೆ. ಮದ್ಯ, ಲಿವರಿನ ಕೊಬ್ಬು, ಪಿತ್ತನಾಳದ ಅಡಚಣೆ, ಅಪಸ್ಮಾರದ ಕೆಲವು ಮಾತ್ರೆಗಳು, ಇವುಗಳಲ್ಲಿ ಯಾವುದರಿಂದಲೂ ಅದು ಏರಬಹುದು. ಏರಿದ್ದರೆ ಡಾಕ್ಟರನ್ನು ಕಾಣಬೇಕು, ಹೌದು. ಕ್ಯಾನ್ಸರ್ ಎಂದು ತೀರ್ಮಾನಿಸಬೇಕಾಗಿಲ್ಲ.

ಇನ್ನೊಂದು ಆಕ್ಷೇಪ: ಎರಡನೆಯ ಹಂತದ ಕಿಣ್ವ ಹೆಚ್ಚಿದ್ದಷ್ಟೂ ಒಳ್ಳೆಯದು ತಾನೇ, ಅದನ್ನೇ ಹೆಚ್ಚಿಸುವ ಡಿಟಾಕ್ಸ್ ಪುಡಿ ಕುಡಿದರಾಯಿತಲ್ಲ? ಈ ಕಿಣ್ವಗಳನ್ನು ಒಟ್ಟಿಗೆ ಎಬ್ಬಿಸುವ ಎನ್‌ಆರ್‌ಎಫ್2 ಎಂಬ ಸ್ವಿಚ್ಚು ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಗಡ್ಡೆಗಳಲ್ಲಿ ಕೆಟ್ಟು, ಸದಾ ಎದ್ದೇ ಇರುತ್ತದೆ ಎಂದು 2012ರಲ್ಲಿ ತಿಳಿಯಿತು. ಆಗ ಅದೇ ಕಿಣ್ವಗಳು ಗಡ್ಡೆಗೆ ಕಾವಲಾಗಿ ನಿಂತು ಕೀಮೋ ಔಷಧಿಯನ್ನು ಹೊರಗೆ ಅಟ್ಟುತ್ತವೆ. ಯಾರ ಕೈಯಲ್ಲಿದೆ ಎಂಬುದರ ಮೇಲೆ ಕಿಣ್ವದ ಗುಣ. ಪುಡಿ ಮಾರುವವರಿಗೆ ಇದು ಗೊತ್ತಿರಲಿ, ಇಲ್ಲದಿರಲಿ, ಕೊಳ್ಳುವವರಿಗೆ ಗೊತ್ತಿರಬೇಕು.

ಸಂಗತಿ

ಕೊನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಗಂಭೀರವಾಗಿ ತೋರುತ್ತದೆ. ಕಾರ್ಖಾನೆಯ ಮಾಲೀಕ ಹೇಳುತ್ತಾನೆ: ನಿಧಾನಿಗಳನ್ನು ಪರೀಕ್ಷಿಸಿ ಹೊರಗಿಡುತ್ತೇನೆ, ಚುರುಕಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ, ಎಲ್ಲರಿಗೂ ಕ್ಷೇಮ. ಮೇಲ್ನೋಟಕ್ಕೆ ಇದು ಕರುಣೆ. ವಾಸ್ತವದಲ್ಲಿ ಇದು ವಿಷವನ್ನು ಉಳಿಸಿಕೊಂಡು ಮನುಷ್ಯನನ್ನು ಹೊರಹಾಕುವ ಏರ್ಪಾಡು. ನಮ್ಮಂಥ ದೇಶದಲ್ಲಿ ಅರ್ಧ ಜನರ ಅನ್ನ ಕಿತ್ತು, ಉಳಿದರ್ಧವನ್ನು ಅದೇ ಹೊಗೆಗೆ ದೂಡಿದಂತಾಗುತ್ತದೆ. ಬೆಂಜಿಡೀನ್ ತೋರಿಸಿದಂತೆ, ಆ ಚುರುಕಿನವರು ಸುರಕ್ಷಿತರು ಎಂಬುದಕ್ಕೂ ಆಧಾರವಿಲ್ಲ. ಬ್ರಿಟನ್ನಿನಲ್ಲಿ 2-ನ್ಯಾಫ್ತೈಲಮೈನಿನ ತಯಾರಿಕೆ 1949ರಲ್ಲಿ ನಿಂತಿತು. ಯಾರ ಕಿಣ್ವವನ್ನೂ ಅಳೆಯಬೇಕಾಗಿರಲಿಲ್ಲ.

ಹಾಗಾದರೆ ಇವತ್ತು ಅಪಾಯದಲ್ಲಿ ಇರುವವನಿಗೆ ಹೇಳುವುದೇನೂ ಇಲ್ಲವೇ? ಇದೆ. ನಮ್ಮಲ್ಲಿ ಅಡಿಕೆ, ತಂಬಾಕು, ಗುಟ್ಕಾ ಜಗಿಯುವವರ ಬಾಯಿ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಜಿಎಸ್‌ಟಿ ಜೀನುಗಳಿಲ್ಲದ ಜಗಿಯುವವರಿಗೆ ಅಪಾಯ ಹೆಚ್ಚು ಎಂದು ಭಾರತದ ಕೆಲವು ಅಧ್ಯಯನಗಳು ಹೇಳಿವೆ. ಆ ಪರೀಕ್ಷೆಗೆ ದುಡ್ಡು ಸುರಿಯುವ ಮೊದಲು ತಿರುವನಂತಪುರದ ಕೆಲಸವನ್ನು ನೋಡಬೇಕು. 1996ರಿಂದ ಅಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹಳ್ಳಿಗಳಿಗೆ ಹೋಗಿ, ಮೂವತ್ತೈದು ದಾಟಿದವರ ಬಾಯಿ ತೆರೆಸಿ, ಬೆಳಕಿನಲ್ಲಿ ಕೆನ್ನೆಯ ಒಳಮೈ, ನಾಲಿಗೆಯ ಅಡಿ, ಒಸಡು ಎಲ್ಲ ನೋಡಿ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದವರನ್ನು ವೈದ್ಯರ ಬಳಿ ಕಳುಹಿಸಿದರು. 2005ರಲ್ಲಿ ಫಲಿತಾಂಶ ಬಂದಾಗ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಕಡಿಮೆಯಾಗಿತ್ತು. ಶಿವಮೊಗ್ಗ, ದಾವಣಗೆರೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾಳೆಯೇ ಶುರು ಮಾಡಬಹುದಾದ ಕೆಲಸ ಇದು. ಬೇಕಾದದ್ದು ಒಂದು ಟಾರ್ಚು, ನೋಡಲು ಕಲಿತ ಎರಡು ಕಣ್ಣು, ಮತ್ತು ಮಚ್ಚೆ ಕಂಡವರನ್ನು ಮುಂದಿನ ಆಸ್ಪತ್ರೆಗೆ ತಲುಪಿಸುವ ವ್ಯವಸ್ಥೆ.